ಹೆಸರು ಕೇಳಿದೊಡನೆ ಹುಟ್ಟುವ ಗುಮಾನಿ

ಮುಕುಲ್ ಆನಂದ್ ನಿರ್ದೇಶಿಸಿದ, 1990ರಲ್ಲಿ ತೆರೆಕಂಡ ‘ಅಗ್ನಿಪಥ್’ ಚಿತ್ರದ ಪಾತ್ರಗಳ ಪಟ್ಟಿಯನ್ನು, ಚಿತ್ರವನ್ನು ಮರೆತು, ಪಟ್ಟಿಯಾಗಿಯೇ ಒಮ್ಮೆ ಓದಿನೋಡಬೇಕು. ನಾಯಕನ ಹೆಸರು ವಿಜಯ್ ದೀನಾನಾಥ್ ಚವಾಣ್. ಅವನ ಪ್ರಾಣ ಉಳಿಸುವ ಎಳನೀರು ವ್ಯಾಪಾರಿ ಕೃಷ್ಣನ್ ಅಯ್ಯರ್ ಎಂ.ಎ. ಆಸ್ಪತ್ರೆಯಲ್ಲಿ ಶುಶ್ರೂಷೆ ಮಾಡುವ ನರ್ಸ್ ಮೇರಿ ಮ್ಯಾಥ್ಯೂ. ಭೂಗತ ವ್ಯವಹಾರದ ಪಾಲುದಾರರಲ್ಲಿ ಒಬ್ಬ ಉಸ್ಮಾನ್ ಭಾಯಿ, ಇನ್ನೊಬ್ಬ ಅಣ್ಣಾ ಶೆಟ್ಟಿ. ಎಲ್ಲರ ಮೇಲಿನ ಖಳ ಕಾಂಚಾ ಚೀನಾ. ಕಥೆ ಇನ್ನೂ ಶುರುವಾಗಿಲ್ಲ; ಆದರೂ ಯಾರು ಅಳಬೇಕು, ಯಾರು ನಗಿಸಬೇಕು, ಯಾರು ಸೇವೆ ಮಾಡಬೇಕು, ಯಾರು ಕೊನೆಗೆ ಸಾಯಬೇಕು ಎಂಬುದರ ಹಂಚಿಕೆ ಹೆಸರುಗಳಲ್ಲೇ ಮುಗಿದುಹೋಗಿದೆ. ಕ್ರೈಸ್ತ ಹೆಣ್ಣುಮಗಳಾದರೆ ನರ್ಸ್, ತಮಿಳನಾದರೆ ಉಚ್ಚಾರದಿಂದಲೇ ನಗೆ ಉಕ್ಕಿಸುವವ, ಶೆಟ್ಟಿಯಾದರೆ ಹಫ್ತಾ ವ್ಯವಹಾರದವ. ಕಿತ್ತಳೆಹಣ್ಣಿನ ರಾಶಿಯನ್ನು ಗಾತ್ರಕ್ಕೆ ತಕ್ಕಂತೆ ಬುಟ್ಟಿಗಳಿಗೆ ಹಂಚಿದಂತೆ ಒಂದು ನಗರದ ಜನವನ್ನೇ ಹಂಚಿಡಲಾಗಿದೆ.

ಹೊರನಾಡಿನಲ್ಲಿ ಬದುಕು ಕಟ್ಟಿಕೊಂಡ ನಾವು ಈ ಹಂಚಿಕೆಯನ್ನು ಸ್ವಲ್ಪ ಬೇರೆಯಾಗಿಯೇ ನೋಡಬೇಕಾಗುತ್ತದೆ. ಬೆಂಗಳೂರಿನಲ್ಲಿ ಕುಳಿತು ಹಿಂದಿ ಚಿತ್ರ ನೋಡುವವರಿಗೆ ‘ಅಣ್ಣಾ ಶೆಟ್ಟಿ’ ಒಂದು ಪಾತ್ರ ಮಾತ್ರ. ಮುಂಬಯಿ, ಪುಣೆಗಳ ಕನ್ನಡಿಗನಿಗೆ ಅದು ನೆರೆಮನೆಯವನ ಅಡ್ಡಹೆಸರು. ಮಗನ ತರಗತಿಯ ಹಾಜರಿ ಪುಸ್ತಕದಲ್ಲಿ ಕೂಗುವ ಹೆಸರು. ‘ಅಣ್ಣ’ ಎಂಬುದು ಕನ್ನಡದಲ್ಲೂ ಮರಾಠಿಯಲ್ಲೂ ಗೌರವದ ಸಂಬೋಧನೆ. ವಿಧು ವಿನೋದ್ ಚೋಪ್ರಾ ಅವರ ‘ಪರಿಂದಾ’ (1989) ಚಿತ್ರದಲ್ಲಿ ನಾನಾ ಪಾಟೇಕರ್ ಅಭಿನಯಿಸಿದ ಭಯಾನಕ ದೊರೆಯ ಹೆಸರೂ ಅಣ್ಣಾ. ಮನೆಯ ಹಿರಿಯನನ್ನು ಕರೆಯುವ ಪದವೊಂದು ಹೀಗೆ ತೆರೆಯ ಮೇಲೆ ಪಿಸ್ತೂಲಿನ ಜೊತೆಗೆ ಬರುವ ಪದವಾಯಿತು. ಇದರ ಬಗ್ಗೆ ಗೋಳಿಡುವುದು ನಮ್ಮ ಉದ್ದೇಶವಲ್ಲ. ಥ್ರಿಲ್ಲರ್ ಎಂಬ ಚಿತ್ರಪ್ರಕಾರವು ಪಡಿಯಚ್ಚುಗಳನ್ನು ಏಕೆ ಬಳಸುತ್ತದೆ, ಹೇಗೆ ಬಳಸುತ್ತದೆ, ಅದರ ಬೆಲೆಯನ್ನು ಯಾರು ತೆರುತ್ತಾರೆ ಎಂಬುದನ್ನು ಸಾವಧಾನವಾಗಿ ವಿಚಾರಿಸಬೇಕೆಂಬುದಷ್ಟೇ ನಮ್ಮ ಆಸೆ.

ಪಡಿಯಚ್ಚು ಎಲ್ಲ ಬಗೆಯ ಕಥನಗಳಲ್ಲೂ ಇದೆ. ಕಂಪನಿ ನಾಟಕಗಳಲ್ಲಿ ಇತ್ತು, ಪ್ರಹಸನಗಳಲ್ಲಿ ಇತ್ತು. ಹಾಸ್ಯಚಿತ್ರದ ಪಡಿಯಚ್ಚು ನಮ್ಮನ್ನು ನಗಿಸಿ ಬಿಟ್ಟುಬಿಡುತ್ತದೆ. ಕೌಟುಂಬಿಕ ಚಿತ್ರದ ಪಡಿಯಚ್ಚು ಅಳಿಸಿ ಬಿಟ್ಟುಬಿಡುತ್ತದೆ. ಥ್ರಿಲ್ಲರಿನ ಮಾತು ಬೇರೆ. ಅದರ ಇಂಧನವೇ ಅನುಮಾನ. ‘ಯಾರು ಮಾಡಿದ್ದು’, ‘ಯಾರು ಮಾಡಬಲ್ಲರು’, ‘ಯಾರನ್ನು ನಂಬಬಹುದು’ ಎಂಬ ಪ್ರಶ್ನೆಗಳ ಮೇಲೆಯೇ ಅದು ಎರಡು ಗಂಟೆ ಓಡಬೇಕು. ಆದ್ದರಿಂದ ಇಲ್ಲಿ ಪಡಿಯಚ್ಚು ಬಳಸುವುದೆಂದರೆ ಅನುಮಾನವನ್ನು ಹಂಚುವುದು. ಗಡ್ಡ, ಟೋಪಿ, ಮಾತಿನ ಧಾಟಿ, ಚರ್ಮದ ಬಣ್ಣ, ಓಣಿಯ ಹೆಸರು ಇವೆಲ್ಲ ಸಾಕ್ಷ್ಯಗಳ ಸ್ಥಾನದಲ್ಲಿ ಬಂದು ಕೂರುತ್ತವೆ. ನಗುವಿಗೆ ಗುರಿಯಾದವನು ಹೆಚ್ಚೆಂದರೆ ಮುಜುಗರಪಡುತ್ತಾನೆ. ಗುಮಾನಿಗೆ ಗುರಿಯಾದವನು ತಾನು ನಿರಪರಾಧಿ ಎಂದು ರುಜುವಾತು ಮಾಡಬೇಕಾಗುತ್ತದೆ.

ಚಿತ್ರಕರ್ಮಿಗಳ ಕಷ್ಟವೂ ನಮಗೆ ಅರಿವಾಗದ್ದಲ್ಲ. ಕಾದಂಬರಿಕಾರನಿಗೆ ಮುನ್ನೂರು ಪುಟಗಳ ವಿರಾಮವಿದೆ. ಥ್ರಿಲ್ಲರಿನ ಚಿತ್ರಕಥೆ ಬರೆಯುವವರಿಗೆ ಒಂದು ಪಾತ್ರವನ್ನು ಪರಿಚಯಿಸಲು ಅರೆ ನಿಮಿಷ ಸಿಕ್ಕರೆ ಹೆಚ್ಚು. ಆ ಅರೆ ನಿಮಿಷದಲ್ಲಿ ಪ್ರೇಕ್ಷಕನಿಗೆ ಆಗಲೇ ಗೊತ್ತಿರುವುದನ್ನು, ಅಥವಾ ಗೊತ್ತಿದೆಯೆಂದು ಅವನು ಭಾವಿಸಿರುವುದನ್ನು, ಎರವಲು ಪಡೆಯುವುದು ಸುಲಭದ ದಾರಿ. ಹಿಂದಿ ಚಿತ್ರಗಳ ಮನೆಗೆಲಸದವಳು ಬಹುಪಾಲು ಮರಾಠಿ ಧಾಟಿಯ ‘ಬಾಯಿ’, ಕಾವಲುಗಾರ ‘ಬಹಾದ್ದೂರ್’. ಮುಂಬಯಿಯ ನೆಲದ ಮಕ್ಕಳಾದ ಮರಾಠಿಗರೂ ಈ ಅಚ್ಚಿನಿಂದ ತಪ್ಪಿಸಿಕೊಂಡಿಲ್ಲ. ಅಚ್ಚಿಗೆ ಸಿಗದೆ ಉಳಿಯುವುದು ಒಂದೇ ವರ್ಗ: ಯಾವ ಊರಿನವನೆಂದು ಹೇಳಬೇಕಾಗಿಲ್ಲದ, ಯಾವ ಧಾಟಿಯೂ ಇಲ್ಲದ ಹಿಂದಿಯನ್ನಾಡುವ ನಾಯಕ. ಅವನಿಗೆ ಗುರುತು ಬೇಡ, ಅವನೇ ಅಳತೆಗೋಲು.

ಈ ‘ಗುರುತಿಲ್ಲದಿರುವಿಕೆ’ ಎಷ್ಟು ದೊಡ್ಡ ಸವಲತ್ತು ಎಂಬುದಕ್ಕೆ ನೀರಜ್ ಪಾಂಡೆ ಅವರ ‘ಎ ವೆಡ್ನೆಸ್‌ಡೇ’ (2008) ಒಳ್ಳೆಯ ನಿದರ್ಶನ. ಬಿಗಿಯಾದ, ಒಂದೇ ಮಧ್ಯಾಹ್ನದ ಅವಧಿಯ ಈ ಚಿತ್ರದಲ್ಲಿ ನಸೀರುದ್ದೀನ್ ಷಾ ಅವರ ಪಾತ್ರಕ್ಕೆ ಹೆಸರಿಲ್ಲ. ಆತ ಕೇವಲ ‘ಸಾಮಾನ್ಯ ಮನುಷ್ಯ’. ಜನ ಹೆಸರಿನಲ್ಲಿ ಧರ್ಮವನ್ನು ಹುಡುಕುತ್ತಾರೆ, ಆದ್ದರಿಂದ ಆತನ ಹೆಸರನ್ನು ಹೇಳುವುದಿಲ್ಲ ಎಂಬ ಅರ್ಥದ ಮಾತನ್ನು ಪೊಲೀಸ್ ಆಯುಕ್ತನ ಬಾಯಲ್ಲಿ ಚಿತ್ರ ಆಡಿಸುತ್ತದೆ. ಮಾತು ಉದಾತ್ತವಾಗಿಯೇ ಇದೆ. ಆದರೆ ಅದೇ ಚಿತ್ರದಲ್ಲಿ ಬಿಡುಗಡೆಗಾಗಿ ಪಟ್ಟುಹಿಡಿಯಲಾದ ನಾಲ್ವರು ಭಯೋತ್ಪಾದಕರ ಪೂರ್ಣ ಹೆಸರುಗಳು ಮೊದಲಿನಿಂದಲೇ ನಮ್ಮ ಕಿವಿಗೆ ಬೀಳುತ್ತವೆ. ಹೆಸರನ್ನು ಮರೆಮಾಚುವ ಔದಾರ್ಯ ಒಬ್ಬನಿಗೆ, ಹೆಸರಿನಿಂದಲೇ ಗುರುತಿಸಿಕೊಳ್ಳುವ ಪಾಡು ಉಳಿದವರಿಗೆ. ಇದನ್ನು ತೂಗಿಸುವ ಸಲುವಾಗಿಯೋ ಎಂಬಂತೆ ಆರಿಫ್ ಎಂಬ ನಿಷ್ಠುರ ಪೊಲೀಸ್ ಅಧಿಕಾರಿಯೂ ಇದ್ದಾನೆ.

ಈ ತೂಕದ ಲೆಕ್ಕ ಹೊಸದೇನಲ್ಲ. ಜಾನ್ ಮ್ಯಾಥ್ಯೂ ಮಟ್ಟನ್ ಅವರ ‘ಸರ್ಫರೋಶ್’ (1999) ಚಿತ್ರದಲ್ಲಿ ಗಜಲ್ ಗಾಯಕ ಗುಲ್ಫಾಮ್ ಹಸನ್ ಶತ್ರುದೇಶದ ಕೈಯಾಳು. ಇನ್ಸ್‌ಪೆಕ್ಟರ್ ಸಲೀಮ್ ದೇಶನಿಷ್ಠ. ಈ ಚಿತ್ರ ತನ್ನ ಕಾಲದ ಇತರ ಚಿತ್ರಗಳಿಗಿಂತ ಹೆಚ್ಚು ಪ್ರಾಮಾಣಿಕವೆಂಬುದನ್ನು ಒಪ್ಪಲೇಬೇಕು. ದೇಶವಿಭಜನೆಯಲ್ಲಿ ನೆಲ ಕಳೆದುಕೊಂಡು, ಹೋದ ಕಡೆಯೂ ‘ಮೊಹಾಜಿರ್’ ಎನ್ನಿಸಿಕೊಂಡ ಗುಲ್ಫಾಮನ ಗಾಯವನ್ನು ಅದು ತೋರಿಸುತ್ತದೆ. ತನ್ನ ಮೇಲೆ ನಂಬಿಕೆ ಇಡಲಿಲ್ಲವೆಂಬ ಸಲೀಮನ ನೋವನ್ನೂ ತೋರಿಸುತ್ತದೆ. ಆದರೂ ಒಂದು ಪ್ರಶ್ನೆ ಉಳಿಯುತ್ತದೆ. ನಾಯಕ ರಾಥೋಡ್ ತನ್ನ ದೇಶನಿಷ್ಠೆಯನ್ನು ಯಾರೆದುರೂ ಸಾಬೀತು ಮಾಡಬೇಕಿಲ್ಲ, ಸಲೀಮ್ ಮಾಡಬೇಕು. ಅವನ ಒಳ್ಳೆಯತನಕ್ಕೆ ಜಾಮೀನು ಬೇಕು. ಒಬ್ಬ ಕೆಟ್ಟವನಿಗೆ ಎದುರಾಗಿ ಒಬ್ಬ ಒಳ್ಳೆಯವನನ್ನು ನಿಲ್ಲಿಸಿದರೆ ನ್ಯಾಯ ಒದಗಿತೆಂದು ನಮ್ಮ ಚಿತ್ರಕಥೆಗಳು ಭಾವಿಸುತ್ತವೆ. ಆದರೆ ಇಬ್ಬರೂ ಒಂದೇ ಪ್ರಶ್ನೆಗೆ ಉತ್ತರವಾಗಿಯೇ ಹುಟ್ಟಿದವರು. ಆ ಪ್ರಶ್ನೆಯ ಹೊರಗೆ ಒಬ್ಬ ಸಲೀಮ್ ಬಾಡಿಗೆ ಕಟ್ಟುತ್ತ, ಮಗಳ ಪರೀಕ್ಷೆಗೆ ಚಿಂತಿಸುತ್ತ, ಪಕ್ಕದ ಮನೆಯವನೊಡನೆ ನೀರಿಗಾಗಿ ಜಗಳವಾಡುತ್ತ ಬದುಕಬಹುದೆಂಬುದು ಥ್ರಿಲ್ಲರಿಗೆ ಹೊಳೆಯುವುದೇ ಇಲ್ಲ.

ಎಲ್ಲ ಪಡಿಯಚ್ಚುಗಳೂ ಒಂದೇ ಪ್ರಮಾಣದ ಹಾನಿ ಮಾಡುತ್ತವೆಯೇ? ಇಲ್ಲವೆಂದು ನಮ್ಮ ಅಭಿಪ್ರಾಯ. ಮುಂಬಯಿಯ ಸಾಮಾನ್ಯ ಪ್ರೇಕ್ಷಕನೊಬ್ಬ ಚಿತ್ರದಲ್ಲಿ ಶೆಟ್ಟಿ ಎಂಬ ಗೂಂಡಾನನ್ನು ನೋಡುತ್ತಾನೆನ್ನಿ. ಮರುದಿನ ಬೆಳಿಗ್ಗೆ ಅವನು ತಿನ್ನುವ ಇಡ್ಲಿ, ಕುಡಿಯುವ ಕಾಫಿ ಶೆಟ್ಟರ ಹೋಟೆಲಿನದೇ. ಗಲ್ಲಾಪೆಟ್ಟಿಗೆಯ ಹಿಂದೆ ಕುಳಿತವರು ‘ಹೇಗಿದ್ದೀರಿ’ ಎಂದು ಕೇಳುತ್ತಾರೆ. ಚಿಲ್ಲರೆ ಇಲ್ಲದಿದ್ದರೆ ನಾಳೆ ಕೊಡಿ ಎನ್ನುತ್ತಾರೆ. ತೆರೆಯ ಸುಳ್ಳನ್ನು ಬದುಕಿನ ಪರಿಚಯ ತಿದ್ದುತ್ತದೆ. ಆದರೆ ಮಹೇಶ್ ಭಟ್ ಅವರ ‘ಸಡಕ್’ (1991) ಚಿತ್ರದಲ್ಲಿ ಸದಾಶಿವ ಅಮ್ರಾಪುರ್‌ಕರ್ ಅಭಿನಯಿಸಿದ ‘ಮಹಾರಾಣಿ’ಯ ವಿಚಾರ ಹಾಗಲ್ಲ. ವೇಶ್ಯಾಗೃಹ ನಡೆಸುವ ಕ್ರೂರ ಹಿಜ್ರಾ ಪಾತ್ರವದು. ಅಭಿನಯ ಅಸಾಧಾರಣವಾಗಿತ್ತು, ಫಿಲ್ಮ್‌ಫೇರ್ ಸಂಸ್ಥೆ ಖಳ ಪಾತ್ರಕ್ಕೆಂದು ಕೊಟ್ಟ ಮೊದಲ ಪ್ರಶಸ್ತಿಯೂ ಅದಕ್ಕೇ ಸಂದಿತು. ಆದರೆ ಅದನ್ನು ನೋಡಿದವರಲ್ಲಿ ಎಷ್ಟು ಮಂದಿಗೆ ಹಿಜ್ರಾ ಗೆಳೆಯರಿದ್ದರು? ಸಿಗ್ನಲ್ಲಿನಲ್ಲಿ ಕಾರಿನ ಗಾಜು ಏರಿಸಿಕೊಳ್ಳುವ ಆ ಗಳಿಗೆಯನ್ನು ಬಿಟ್ಟರೆ ಸಂಪರ್ಕವೇ ಇಲ್ಲದ ಸಮುದಾಯದ ಬಗ್ಗೆ ತೆರೆ ಹೇಳಿದ್ದೇ ಜ್ಞಾನವಾಗುತ್ತದೆ. ಪರಿಚಯ ಕಡಿಮೆಯಾದಷ್ಟೂ ಪಡಿಯಚ್ಚಿನ ಬಲ ಹೆಚ್ಚು. ಕಾಶ್ಮೀರಿಗಳ ವಿಚಾರದಲ್ಲಿ, ಆದಿವಾಸಿಗಳ ವಿಚಾರದಲ್ಲಿ, ಈಶಾನ್ಯ ರಾಜ್ಯಗಳವರ ವಿಚಾರದಲ್ಲಿ ಇದೇ ಮಾತು ಸಲ್ಲುತ್ತದೆ.

ಮಾನಸಿಕ ಅಸ್ವಸ್ಥರ ಸ್ಥಿತಿ ಇನ್ನೂ ಶೋಚನೀಯ. ಹಿಚ್‌ಕಾಕ್ 1960ರಲ್ಲಿ ‘ಸೈಕೋ’ ಎಂಬ ಚಿತ್ರ ಮಾಡಿದ. ಕೊನೆಯಲ್ಲಿ ಮನೋವೈದ್ಯನೊಬ್ಬ ಬಂದು ಎಲ್ಲವನ್ನೂ ವಿವರಿಸುತ್ತಾನೆ. ಅಲ್ಲಿಂದೀಚೆಗೆ ಕೊಲೆಗೆ ಕಾರಣ ಸಿಗದ ಚಿತ್ರಕಥೆಗಳಿಗೆಲ್ಲ ರೋಗವೇ ಕಾರಣವಾಗಿ ಒದಗಿಬಂತು. ಇಂದು ‘ಸೈಕೋ’ ಎಂಬುದು ಕನ್ನಡ ಪತ್ರಿಕೆಗಳ ತಲೆಬರಹದಲ್ಲೂ ನಿರಾತಂಕವಾಗಿ ಓಡಾಡುವ ಪದ. ಮನೆಯಲ್ಲಿ ಸ್ಕಿಜೋಫ್ರೇನಿಯಾದಿಂದ ನರಳುವ ತಮ್ಮನನ್ನೋ ತಂಗಿಯನ್ನೋ ಇಟ್ಟುಕೊಂಡು, ತಿಂಗಳಿಗೊಮ್ಮೆ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲುವ ಕುಟುಂಬವೊಂದು ಆ ಪದವನ್ನು ಹೇಗೆ ಕೇಳಿಸಿಕೊಳ್ಳುತ್ತದೆಂಬುದನ್ನು ಯೋಚಿಸಬೇಕು. ಚಿಕಿತ್ಸೆಗೆ ಕರೆದೊಯ್ಯಲು ಮನೆಯವರು ಹಿಂಜರಿಯುವುದಕ್ಕೆ ಇರುವ ಕಾರಣಗಳಲ್ಲಿ ‘ಜನ ಏನಂದಾರು’ ಎಂಬುದು ಪ್ರಬಲವಾದದ್ದು. ಜನ ಏನೆನ್ನಬೇಕೆಂಬುದನ್ನು ಕಲಿಸಿಕೊಟ್ಟವರಲ್ಲಿ ಥ್ರಿಲ್ಲರ್ ಚಿತ್ರಗಳೂ ಇವೆ.

ಜಾಣ ಚಿತ್ರಗಳು ಪಡಿಯಚ್ಚನ್ನು ಬೇರೆ ರೀತಿಯಲ್ಲಿ ಬಳಸುತ್ತವೆ. ಸುಜೊಯ್ ಘೋಷ್ ಅವರ ‘ಕಹಾನಿ’ (2012) ಚಿತ್ರದಲ್ಲಿ ತುಂಬು ಗರ್ಭಿಣಿಯೊಬ್ಬಳು ಕೋಲ್ಕತ್ತಾದ ಬೀದಿಗಳಲ್ಲಿ ಗಂಡನನ್ನು ಹುಡುಕುತ್ತಾಳೆ. ಗರ್ಭಿಣಿ ಎಂದರೆ ಅಸಹಾಯಕಿ ಎಂಬ ನಮ್ಮ ನಂಬಿಕೆಯೇ ಅವಳ ಆಯುಧ. ಅಲ್ಲಿನ ಬಾಡಿಗೆ ಹಂತಕ ಬಾಬ್ ಬಿಸ್ವಾಸ್ ಬೊಜ್ಜು ಹೊಟ್ಟೆಯ, ಕಚೇರಿಯಲ್ಲಿ ಮೇಲಧಿಕಾರಿಯಿಂದ ಬೈಸಿಕೊಳ್ಳುವ ಜೀವವಿಮಾ ಏಜೆಂಟ್. ಮಲಯಾಳದ ‘ದೃಶ್ಯಂ’ (2013) ಚಿತ್ರವೂ ಹಾಗೆಯೇ: ನಾಲ್ಕನೆಯ ತರಗತಿ ದಾಟದ ಕೇಬಲ್ ನಿರ್ವಾಹಕನನ್ನು ಇಡೀ ಪೊಲೀಸ್ ವ್ಯವಸ್ಥೆ ಕಡೆಗಣಿಸುತ್ತದೆ, ಸೋಲುತ್ತದೆ. ಓದದವನು ಯೋಚಿಸಲಾರನೆಂಬ ವರ್ಗಾಹಂಕಾರಕ್ಕೆ ಬಿದ್ದ ಪೆಟ್ಟು ಅದು. ನಮ್ಮ ದೇಶದಲ್ಲಿ ಆ ಚಿತ್ರ ಭಾಷೆಯಿಂದ ಭಾಷೆಗೆ ದಾಟಿದ್ದರಲ್ಲಿ ಅಚ್ಚರಿಯಿಲ್ಲ. ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಮಲಯಾಳದಲ್ಲಿ ಜಾರ್ಜ್‌ಕುಟ್ಟಿಯಾಗಿದ್ದವನು ಕನ್ನಡದ ‘ದೃಶ್ಯ’ದಲ್ಲಿ ರಾಜೇಂದ್ರ ಪೊನ್ನಪ್ಪನಾದ, ಹಿಂದಿಯಲ್ಲಿ ಗೋವೆಯ ವಿಜಯ್ ಸಾಲಗಾಂವ್‌ಕರ್ ಆದ. ಕೇರಳದಲ್ಲಿ ಕ್ರೈಸ್ತ ರೈತನೊಬ್ಬ ‘ನಮ್ಮವನೇ’ ಆಗಿ ಕಥೆಯ ನಡುವೆ ನಿಲ್ಲಬಲ್ಲ. ಬೇರೆಡೆ ಮರುಸೃಷ್ಟಿಯಾಗುವಾಗ ಆ ನಡುವಿನ ಜಾಗಕ್ಕೆ ಆಯಾ ಮಾರುಕಟ್ಟೆಯ ಬಹುಸಂಖ್ಯಾತರ ಹೆಸರು ಬರುತ್ತದೆ. ಯಾವ ಭಾಷೆಯ ಪ್ರೇಕ್ಷಕ ಯಾರನ್ನು ‘ಸಾಮಾನ್ಯ ಮನುಷ್ಯ’ನೆಂದು ಒಪ್ಪುತ್ತಾನೆಂದು ನಿರ್ಮಾಪಕರು ಹಾಕುವ ಲೆಕ್ಕ ಇಂಥಲ್ಲಿ ಬಯಲಾಗುತ್ತದೆ.

ಇನ್ನು ನಮ್ಮ ಮನೆಯ ಮಾತು. 2011ರಲ್ಲಿ ‘ಸಿಂಘಂ’ ಹಿಂದಿ ಚಿತ್ರ ಬಂದಾಗ ಅದರಲ್ಲಿನ ಒಂದು ಮಾತು ಕನ್ನಡಿಗರನ್ನು ಹೀಗಳೆಯುತ್ತದೆಂದು ಕರ್ನಾಟಕದಲ್ಲಿ ಪ್ರತಿಭಟನೆಗಳು ನಡೆದವು. ಆ ಮಾತನ್ನು ಕೈಬಿಡಲು ಚಿತ್ರದವರು ಒಪ್ಪಿದರು. ನಿರ್ದೇಶಕ ರೋಹಿತ್ ಶೆಟ್ಟಿ ತುಳುನಾಡಿನಿಂದ ಮುಂಬಯಿಗೆ ಬಂದು ಹಿಂದಿ ಚಿತ್ರರಂಗದಲ್ಲಿ ಸಾಹಸ ಸಂಯೋಜಕರಾಗಿ, ಬೋಳುತಲೆಯ ಖಳನಾಗಿ ಹೆಸರು ಮಾಡಿದ ಎಂ. ಬಿ. ಶೆಟ್ಟಿಯವರ ಮಗ. ಖಳನಾಗಿ ಅಭಿನಯಿಸಿದವರು ಕನ್ನಡದ ಪ್ರಕಾಶ್ ರಾಜ್. ನಮ್ಮವರೇ ಕಟ್ಟಿದ ಚಿತ್ರದಲ್ಲೂ ನಮಗೆ ನೋವಾಗುವ ಮಾತು ನುಸುಳಬಹುದೆಂದರೆ, ಪಡಿಯಚ್ಚು ವೈಯಕ್ತಿಕ ದ್ವೇಷದ ಫಲವಲ್ಲ, ಅದು ಆ ಉದ್ಯಮದ ವ್ಯಾಕರಣ ಎಂದಾಯಿತು. ಪ್ರತಿಭಟನೆಯ ಹಕ್ಕನ್ನು ನಾವು ಪ್ರಶ್ನಿಸುವುದಿಲ್ಲ. ಆದರೆ ಒಂದು ಮಾತಿಗೆ ಕೆರಳುವ ನಾವು, ಉತ್ತರ ಕರ್ನಾಟಕದ ಮಾತನ್ನು ಕನ್ನಡ ಚಿತ್ರಗಳು ದಶಕಗಳ ಕಾಲ ಕೇವಲ ನಗೆಗೆ ಬಳಸಿದ್ದನ್ನು ಸಹಜವೆಂದೇ ಸ್ವೀಕರಿಸಿದ್ದೇವೆ. ಬೆಂಗಳೂರಿನ ರೌಡಿಯ ಬಾಯಲ್ಲಿ ತಮಿಳು ಬೆರೆತ ಕನ್ನಡವನ್ನಿಡುವುದು, ಗಿರವಿ ಅಂಗಡಿಯ ಮಾರ್ವಾಡಿಯನ್ನು ಜಿಪುಣನೂ ವಂಚಕನೂ ಆಗಿಸುವುದು, ಕೊಳೆಗೇರಿಯನ್ನು ತೋರಿಸಿದೊಡನೆ ಹಿನ್ನೆಲೆ ಸಂಗೀತವನ್ನು ಬದಲಿಸುವುದು ನಮ್ಮ ಚಿತ್ರಗಳ ರೂಢಿಯೇ ಆಗಿದೆ. ಹೊರನಾಡಿನಲ್ಲಿ ಅನ್ಯರಾಗಿರುವ ಅನುಭವವಿರುವ ಕನ್ನಡಿಗರಾದರೂ ಇದನ್ನು ಎತ್ತಿ ಹೇಳದಿದ್ದರೆ ಮತ್ತಾರು ಹೇಳಬೇಕು?

ಅನ್ಯರಾಗಿರುವುದೆಂದರೇನೆಂದು ಮುಂಬಯಿಯ ಹಿರಿಯ ಕನ್ನಡಿಗರಿಗೆ ಚೆನ್ನಾಗಿ ಗೊತ್ತು. 1960ರ ದಶಕದಲ್ಲಿ ‘ಮಾರ್ಮಿಕ್’ ವಾರಪತ್ರಿಕೆ ನಗರದ ಕಚೇರಿಗಳಲ್ಲಿದ್ದ ಮರಾಠಿಯೇತರರ ಹೆಸರುಗಳನ್ನು ಪಟ್ಟಿಮಾಡಿ ಅಚ್ಚುಹಾಕುತ್ತಿತ್ತು. 1966ರಲ್ಲಿ ಶಿವಸೇನೆ ಸ್ಥಾಪನೆಯಾಯಿತು. ಮುಂದಿನ ವರ್ಷಗಳಲ್ಲಿ ದಕ್ಷಿಣದವರ ಉಡುಪಿ ಹೋಟೆಲುಗಳು ದಾಳಿಗೆ ಗುರಿಯಾದವು. ಆಗ ಯಾರೂ ತಮಿಳ ಯಾರು, ತುಳುವ ಯಾರು, ಕನ್ನಡಿಗ ಯಾರು ಎಂದು ಬಿಡಿಸಿ ನೋಡಲಿಲ್ಲ. ಲುಂಗಿ ಉಟ್ಟವರೆಲ್ಲ ಒಂದೇ ಆಗಿದ್ದರು. ಹೆಸರುಗಳ ಪಟ್ಟಿಯಿಂದ ಕಲ್ಲಿನವರೆಗಿನ ದಾರಿ ಬಹಳ ಉದ್ದವಿರಲಿಲ್ಲ. ಸಿನಿಮಾದ ಪಾತ್ರಪಟ್ಟಿ ಅಂಥ ಪಟ್ಟಿಯಲ್ಲ, ನಿಜ. ಅದು ಯಾರ ಮೇಲೂ ಕಲ್ಲೆಸೆಯುವುದಿಲ್ಲ. ಆದರೆ ಒಂದು ಹೆಸರನ್ನು ಕೇಳಿದೊಡನೆ ಮನಸ್ಸು ಯಾವ ಕಡೆ ವಾಲಬೇಕೆಂಬ ಅಭ್ಯಾಸವನ್ನು ಅದು ಮಾಡಿಸುತ್ತದೆ. ಬಾಡಿಗೆ ಮನೆ ಕೇಳಿಕೊಂಡು ಬಂದವನ ಹೆಸರು ಕೇಳಿ ‘ಮನೆ ಖಾಲಿಯಿಲ್ಲ’ ಎನ್ನುವವರಿಗೆ ಆ ಅಭ್ಯಾಸ ಕೆಲಸಕ್ಕೆ ಬರುತ್ತದೆ.

‘ಭೂಗತ ಲೋಕದಲ್ಲಿ ಅಂಥ ಹೆಸರಿನವರು ನಿಜವಾಗಿಯೂ ಇರಲಿಲ್ಲವೇ’ ಎಂಬ ಪ್ರಶ್ನೆ ಇಲ್ಲಿ ಬರುತ್ತದೆ. ಇದ್ದರು. ಹಾಜಿ ಮಸ್ತಾನ್, ವರದರಾಜನ್ ಮುದಲಿಯಾರ್, ಕರೀಮ್ ಲಾಲಾ ಕಲ್ಪನೆಯ ವ್ಯಕ್ತಿಗಳಲ್ಲ. ವಾಸ್ತವವನ್ನು ಮರೆಮಾಚಬೇಕೆಂದು ನಾವು ಕೇಳುತ್ತಿಲ್ಲ. ಅಂಥವನ ಸುತ್ತ ಆ ಸಮುದಾಯದ ಬೇರೆ ಯಾರನ್ನು ತೋರಿಸಿದ್ದೀರಿ ಎಂಬುದಷ್ಟೇ ನಮ್ಮ ಪ್ರಶ್ನೆ. ರಾಮ್‌ಗೋಪಾಲ್ ವರ್ಮಾ ಅವರ ‘ಸತ್ಯ’ (1998) ಚಿತ್ರದ ಭೀಕು ಮ್ಹಾತ್ರೆ ಹಿಂಸ್ರ ಮನುಷ್ಯ. ಆದರೆ ಹೆಂಡತಿಯೊಡನೆ ಕೂಗಾಡುವ, ಗೆಳೆಯನಿಗಾಗಿ ಹಂಬಲಿಸುವ ಅವನು ಯಾವ ಸಮುದಾಯದ ಮಾದರಿಯೂ ಆಗದೆ ಭೀಕು ಮ್ಹಾತ್ರೆಯಾಗಿಯೇ ನೆನಪಿನಲ್ಲಿ ಉಳಿಯುತ್ತಾನೆ.

ಕನ್ನಡದಲ್ಲೂ ಇಂಥ ಬೆಳಕಿನ ದಾರಿಗಳಿವೆ. ರಕ್ಷಿತ್ ಶೆಟ್ಟಿ ಅವರ ‘ಉಳಿದವರು ಕಂಡಂತೆ’ (2014) ಮಲ್ಪೆಯ ಕಡಲ ತೀರದ ಕಥೆ. ಅಲ್ಲಿ ಕೊಲೆಗಾರನೂ ಕರಾವಳಿಯವನೇ, ಮೀನು ಮಾರುವ ತಾಯಿಯೂ ಕರಾವಳಿಯವಳೇ, ಎಲ್ಲರ ಮಾತುಗಳನ್ನು ಕೂಡಿಸುವ ಪತ್ರಕರ್ತೆಯೂ ಅಲ್ಲಿಯವಳೇ. ಮುಂಬಯಿಗೆ ಓಡಿಹೋಗಿದ್ದ ಮಗ ತಾಯಿಯ ಬಳಿಗೆ ಮರಳುತ್ತಾನೆ. ಎಲ್ಲರೂ ಒಂದೇ ಮಣ್ಣಿನವರಾದ್ದರಿಂದ ಯಾರೊಬ್ಬರೂ ಆ ಮಣ್ಣಿನ ಪ್ರತಿನಿಧಿಯಾಗಬೇಕಾಗಿಲ್ಲ. ಶಂಕರ್ ನಾಗ್ ಅವರ ‘ಆಕ್ಸಿಡೆಂಟ್’ (1985) ಗುಮಾನಿಯ ದಿಕ್ಕನ್ನೇ ತಿರುಗಿಸಿತು: ಪಾದಚಾರಿ ಮಾರ್ಗದಲ್ಲಿ ಮಲಗಿದ್ದ ವಲಸೆ ಕೂಲಿಗಳನ್ನು ಕಾರು ಹರಿದು ಕೊಂದಾಗ, ತನಿಖೆಯ ಬೆಳಕು ಬಡವರ ಓಣಿಯತ್ತ ಹೋಗದೆ ರಾಜಕಾರಣಿಯ ಬಂಗಲೆಯತ್ತ ಹೋಯಿತು. ವೆಟ್ರಿಮಾರನ್ ಅವರ ತಮಿಳು ಚಿತ್ರ ‘ವಿಸಾರಣೈ’ (2015) ಹೊರನಾಡಿಗರೆಲ್ಲ ನೋಡಬೇಕಾದದ್ದು. ಗುಂಟೂರಿಗೆ ದುಡಿಯಲು ಹೋದ ತಮಿಳು ಕೂಲಿಗಳನ್ನು, ಭಾಷೆ ಬಾರದ ಅನ್ಯರೆಂಬ ಅನುಕೂಲಕ್ಕಾಗಿಯೇ, ಪೊಲೀಸರು ಕಳ್ಳರನ್ನಾಗಿ ಮಾಡಹೊರಡುತ್ತಾರೆ. ಎಂ. ಚಂದ್ರಕುಮಾರ್ ತಮ್ಮ ಅನುಭವದಿಂದಲೇ ಬರೆದ ಕೃತಿ ಅದರ ಆಧಾರ. ಅನುಮಾನವನ್ನು ಹಂಚುವ ಯಂತ್ರವನ್ನೇ ಕಥಾವಸ್ತುವಾಗಿಸಿದ ಥ್ರಿಲ್ಲರ್ ಅದು.

ನಮ್ಮ ಸಾಹಿತ್ಯದಲ್ಲಿ ಈ ಕೆಲಸ ಇನ್ನೂ ಮುಂಚೆಯೇ ನಡೆದಿದೆ. ಯಶವಂತ ಚಿತ್ತಾಲರ ‘ಶಿಕಾರಿ’ (1979) ಮುಂಬಯಿಯಲ್ಲಿ ನಡೆಯುವ ಕಾದಂಬರಿ. ತನ್ನ ಮೇಲಿನ ಆರೋಪವೇನೆಂದೇ ತಿಳಿಯದೆ ನೌಕರಿಯಿಂದ ಅಮಾನತುಗೊಂಡ ನಾಗಪ್ಪನ ಭಯವನ್ನು ಅದು ಹಿಂಬಾಲಿಸುತ್ತದೆ. ಯಾವ ಥ್ರಿಲ್ಲರಿಗೂ ಕಡಿಮೆಯಿಲ್ಲದ ಉಸಿರುಗಟ್ಟುವಿಕೆ ಅದರಲ್ಲಿದೆ. ವ್ಯತ್ಯಾಸವಿಷ್ಟೆ: ಚಿತ್ತಾಲರು ನಮ್ಮನ್ನು ಗುಮಾನಿಪಡುವವನ ಪಕ್ಕದಲ್ಲಿ ಕೂರಿಸದೆ, ಗುಮಾನಿಗೊಳಗಾದವನ ಒಳಗೆ ಕೂರಿಸುತ್ತಾರೆ.

ಕತ್ತರಿ ಪ್ರಯೋಗದಲ್ಲಿ, ನಿಷೇಧದಲ್ಲಿ ನಮಗೆ ನಂಬಿಕೆಯಿಲ್ಲ. ಕತ್ತರಿಸಿದ ಮಾತಿನ ಜಾಗದಲ್ಲಿ ಮೌನ ಬರುತ್ತದೆ, ಮನುಷ್ಯ ಬರುವುದಿಲ್ಲ. ನಾವು ಮಾಡಬಹುದಾದದ್ದು ನೋಡುವ ಬಗೆಯನ್ನು ಬದಲಿಸಿಕೊಳ್ಳುವುದು. ನಮ್ಮ ಸಂಘಗಳಲ್ಲಿ ಪುಸ್ತಕಗಳ ಬಗ್ಗೆ ನಡೆಯುವಷ್ಟೇ ಗಂಭೀರವಾದ ಚರ್ಚೆ ಚಿತ್ರಗಳ ಬಗ್ಗೆಯೂ ನಡೆಯಲಿ. ಚಿತ್ರ ಮುಗಿದ ಮೇಲೆ ಕೇಳಿಕೊಳ್ಳೋಣ: ಯಾರಿಗೆ ಮನೆಯಿತ್ತು, ಯಾರಿಗೆ ಬರೀ ಅಡ್ಡೆಯಿತ್ತು? ಯಾರು ಜಾಮೀನಿಲ್ಲದೆ ಒಳ್ಳೆಯವರಾಗಿದ್ದರು? ಯಾರ ಹೆಸರು ಕೇಳಿದೊಡನೆ ನಮಗೆ ಕಥೆಯ ಕೊನೆ ಗೊತ್ತಾಗಿಹೋಯಿತು?

ಬರೆಯುವವರಿಗೂ ಒಂದು ಮಾತು. ಮುಂಬಯಿಯ ಕನ್ನಡ ರಾತ್ರಿ ಶಾಲೆಗಳಲ್ಲಿ, ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದ ಹುಡುಗರು ಓದಿದರು. ಅವರಲ್ಲಿ ವಕೀಲರಾದವರಿದ್ದಾರೆ, ಲೆಕ್ಕಪರಿಶೋಧಕರಾದವರಿದ್ದಾರೆ, ಬರಹಗಾರರಾದವರಿದ್ದಾರೆ. ರಾತ್ರಿ ಹನ್ನೊಂದಕ್ಕೆ ತರಗತಿ ಮುಗಿಸಿ ಫೋರ್ಟಿನ ನಿರ್ಜನ ರಸ್ತೆಯಲ್ಲಿ ನಡೆದು ಬರುವ ಅಂಥ ಹುಡುಗನೊಬ್ಬ ಒಂದು ಕೊಲೆಗೆ ಸಾಕ್ಷಿಯಾಗುತ್ತಾನೆ ಎಂದಿಟ್ಟುಕೊಳ್ಳೋಣ. ಠಾಣೆಯಲ್ಲಿ ಅವನ ಹೆಸರು ಕೇಳುತ್ತಾರೆ. ‘ಶೆಟ್ಟಿ’ ಎನ್ನುತ್ತಾನೆ. ಬರೆದುಕೊಳ್ಳುತ್ತಿರುವ ಹವಾಲ್ದಾರನ ಲೇಖನಿ ಒಂದು ಕ್ಷಣ ನಿಲ್ಲುತ್ತದೆ. ಅಲ್ಲಿಂದ ಮುಂದಿನ ಚಿತ್ರಕಥೆಯನ್ನು ನಮ್ಮಲ್ಲಿ ಯಾರಾದರೂ ಬರೆಯಬೇಕು.